ಕೋವಿ ಸದಸ್ಯತ್ವ ಮೀಮಾಂಸೆ: ಕೆರಾಡಿ ಪಾಠ

ಶಾಸ್ತ್ರಗ್ರಂಥಕ್ಕೆ ಮಂಗಳಾಚರಣೆ ಇರಬೇಕೆಂಬುದು ಶಿಷ್ಟಾಚಾರ. ಈ ಗ್ರಂಥದ ಮಂಗಳಾಚರಣೆ ಬೆಳಿಗ್ಗೆ ಏಳೂಕಾಲು ಗಂಟೆಗೆ, ಅಜ್ಜಯ್ಯನ ಅಡಿಕೆ ತೋಟದ ದರೆಯ ಮೇಲೆ, ‘ಢಂ’ ಎಂಬ ಏಕಾಕ್ಷರದಿಂದ ನೆರವೇರಿತು. ಹೊಗೆ ಕರಗಿದ ಮೇಲೆ ಎಣಿಸಲಾಗಿ ಹನ್ನೊಂದು ಮಂಗಗಳು ಹಾಡಿಯ ಕಡೆ ಹೋಗಿದ್ದವು. ಎರಡು ಹೋಗಿರಲಿಲ್ಲ. ಅವು ಬಾಳೆಗೊನೆಯ ಮೇಲೆ ಕೂತಲ್ಲಿಂದಲೇ ಸದ್ದು ಬಂದ ದಿಕ್ಕನ್ನು ನೋಡಿದವು, ತಮ್ಮೊಳಗೆ ಏನೋ ವಿಚಾರ ಮಾಡಿದವು, ಮತ್ತೆ ಸುಲಿಯತೊಡಗಿದವು. ಮೀಮಾಂಸೆಯ ಪರಿಭಾಷೆಯಲ್ಲಿ ಇಂಥವರಿಗೆ ಪೂರ್ವಪಕ್ಷಿಗಳು ಎಂದು ಹೆಸರು.

ಒಂದು ಅಧಿಕರಣಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ. ಸಂಗತಿ ಎಂಬ ಇನ್ನೊಂದನ್ನು ಸೇರಿಸುವವರೂ ಇದ್ದಾರೆ. ಅವರಿಗೆ ತೋಟ ಇರುವುದಿಲ್ಲ, ಸಮಯ ಇರುತ್ತದೆ. ಈ ಪ್ರಬಂಧ ಐದಕ್ಕೆ ನಿಲ್ಲುತ್ತದೆ, ನಿಲ್ಲಬೇಕೆಂದು ಹೊರಟಿತ್ತು. ಐದನೆಯದಕ್ಕೆ ಏನಾಯಿತೆಂಬುದು ಆಯಾ ಜಾಗದಲ್ಲಿ ಬರುತ್ತದೆ.

ವಿಷಯ

ಕೆರಾಡಿ ಕುಂದಾಪುರ ತಾಲ್ಲೂಕಿನದು, ಘಟ್ಟದ ಬುಡದ್ದು. ಹೆಮ್ಮಾಡಿಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ವಂಡ್ಸೆಯ ಮೇಲೆ ಒಳನಾಡಿಗೆ ಹೋದರೆ ಸಿಗುತ್ತದೆ. ಇಲ್ಲಿಯ ಮೂಡುಗಲ್ಲಿನಲ್ಲಿ ಕೇಶವನಾಥೇಶ್ವರನ ಗುಹೆ ಇದೆ. ದೇವರ ಹತ್ತಿರ ಹೋಗಬೇಕಾದರೆ ನೀರಿನಲ್ಲಿಯೇ ನಡೆಯಬೇಕು. ಕಾಲ ಸುತ್ತ ಮೀನು ಓಡಾಡುತ್ತವೆ, ಯಾರೂ ಹಿಡಿಯುವುದಿಲ್ಲ. ಪ್ರಾಣಿ ಕಣ್ಣೆದುರೇ ಇದ್ದೂ ಕೈ ಹಾಕದಿರುವ ಅಭ್ಯಾಸ ಊರಿಗೆ ಈ ಗುಹೆಯಿಂದಲೇ ಬಂದಿರಬೇಕೆಂಬುದು ಪ್ರಬಂಧಕಾರನ ಊಹೆ. ಈ ಊಹೆ ಮುಂದೆ ಕೆಲಸಕ್ಕೆ ಬರುತ್ತದೆ, ಓದುಗರು ನೆನಪಿಟ್ಟುಕೊಳ್ಳಬೇಕು.

ಊರಿಗೆ ಈಚೆಗೆ ಬಂದ ಕೀರ್ತಿ ಬೇರೆ. 2022ರ ಸೆಪ್ಟೆಂಬರ್ 30ರಂದು ತೆರೆಗೆ ಬಂದ ‘ಕಾಂತಾರ’ದ ಚಿತ್ರೀಕರಣ ಇಲ್ಲಿ ನಡೆಯಿತು, ಅದರ ನಟ ಮತ್ತು ನಿರ್ದೇಶಕ ರಿಷಬ್ ಶೆಟ್ಟಿ ಈ ಊರಿನವರೇ. ಅಲ್ಲಿಂದ ಈಚೆಗೆ ಕೆರಾಡಿಯಲ್ಲಿ ‘ಶೂಟಿಂಗ್’ ಎಂಬ ಪದಕ್ಕೆ ರೂಢಾರ್ಥ ಒಂದೇ. ಯೌಗಿಕಾರ್ಥ ಸತ್ತುಹೋಗಿದೆ. ಅಜ್ಜಯ್ಯ ಅಂಗಡಿ ಜಗಲಿಯಲ್ಲಿ ಕೂತು ‘ರಾಷ್ಟ್ರೀಯ ಶೂಟಿಂಗ್ ಸಂಘಕ್ಕೆ ಸೇರ್ಕ್ ಅಂತಿದ್ದೆ’ ಎಂದಾಗ ಎದುರಿದ್ದವರು ಎಲೆ ಉಗಿದು ಬಂದು ಕೇಳಿದ್ದು ಒಂದೇ ಪ್ರಶ್ನೆ: ‘ಹ್ವಾಯ್, ಯಾವ್ ಪಾರ್ಟ್ ಸಿಕ್ತ್ ನಿಮ್ಗೆ?’

ಆದ್ದರಿಂದ ಮೊದಲು ಶಬ್ದನಿರ್ಣಯ ಆಗಬೇಕು.

ಬಂದೂಕು ಅರಬ್ಬಿಯಿಂದ ಬಂದದ್ದು, ತುಪಾಕಿ ತುರ್ಕಿಯಿಂದ, ಪಿಸ್ತೂಲು ಯುರೋಪಿನಿಂದ. ಕೋವಿ ಮಾತ್ರ ನಮ್ಮ ಕೊಳವೆಯ ದಾಯಾದಿಯಂತೆ ಕಾಣುತ್ತದೆ. ಹೀಗಾಗಿಯೇ ಬಂದೂಕು ಹಿಡಿದವನನ್ನು ಕಂಡರೆ ಊರಿನ ನಾಯಿ ಬೊಗಳುತ್ತದೆ, ಕೋವಿ ಹಿಡಿದವನ ಹಿಂದೆ ಬಾಲ ಆಡಿಸಿಕೊಂಡು ಹೋಗುತ್ತದೆ. ಇನ್ನು ‘ಈಡು’. ಕೋವಿಯಿಂದ ಹಾರಿದ್ದು ಈಡು. ಸಾಲಕ್ಕೆ ಒತ್ತೆ ಇಟ್ಟದ್ದೂ ಈಡು. ಒಂದಕ್ಕೊಂದು ಸಮನಾದರೆ ಅದೂ ಈಡು. ತೊಂದರೆಯ ಬಾಯಿಗೆ ಬಿದ್ದವನು ಈಡಾದವನು. ಚುನಾವಣೆ ಘೋಷಣೆಯಾದ ದಿನ ಈ ನಾಲ್ಕು ಅರ್ಥವೂ ಒಬ್ಬನೇ ರೈತನ ಮೇಲೆ ಹೇಗೆ ಒಟ್ಟಿಗೆ ಬಂದು ಕೂರುತ್ತವೆ ಎಂಬುದನ್ನು ಸಂಶಯ ಪ್ರಕರಣದಲ್ಲಿ ನೋಡೋಣ. ‘ಗುರಿಕಾರ’ ಎಂದರೆ ಬೇರೆ ಕಡೆ ಗುರಿ ಇಟ್ಟು ಹೊಡೆಯುವವನು. ನಮ್ಮ ಕರಾವಳಿಯಲ್ಲಿ ಕೂಡುಕಟ್ಟಿನ ಮುಖ್ಯಸ್ಥ. ಜೀವಮಾನದಲ್ಲಿ ಒಂದು ಕಾಗೆಗೂ ಕಲ್ಲೆಸೆಯದವರು ಇಲ್ಲಿ ಗುರಿಕಾರರಾಗಿ ಬಾಳಿ, ಮಗನಿಗೆ ಅದನ್ನು ಕೊಟ್ಟು ಹೋಗಿದ್ದಾರೆ. ಗುರಿಯನ್ನೂ ಗುರಿಕಾರಿಕೆಯನ್ನೂ ಬೇರೆ ಬೇರೆ ಇಟ್ಟ ನಾಡು ಇದು ಎಂಬುದನ್ನೂ ನೆನಪಿಡಬೇಕು.

ವಿಷಯವಸ್ತುವಾದ ಕೋವಿ ಕೇಪಿನದು. ತೋಟೆ ಹಾಕುವುದಲ್ಲ. ನಳಿಗೆಯ ಬಾಯಿಯಿಂದ ಮದ್ದು ಸುರಿಯಬೇಕು, ಮೇಲೆ ನಾರೋ ಕಾಗದವೋ ತುರುಕಬೇಕು, ಕಬ್ಬಿಣದ ಸರಳಿನಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ಕಾಗದ, ಮತ್ತೆ ಜಡಿತ, ಆಮೇಲೆ ಕೇಪು ಕೂರಿಸಿ ಕುದುರೆ ಎಳೆಯಬೇಕು. 1959ರ ಆಯುಧ ಕಾಯ್ದೆಯ 13ನೇ ಕಲಮು ‘ಪ್ರಾಮಾಣಿಕ ಬೆಳೆ ರಕ್ಷಣೆ’ಗೆ ಎಂದು ಹೆಸರಿಸಿ ಹೇಳುವುದು ಇಂಥ ಬಾಯಿಂದ ತುಂಬುವ ಕೋವಿಯನ್ನೇ. ಆತ್ಮರಕ್ಷಣೆಗೆ, ಕ್ರೀಡೆಗೆ ಆದರೆ ನಳಿಗೆ 20 ಇಂಚಿಗೆ ಕಡಿಮೆ ಇಲ್ಲದ ಬೇರೆ ಕೋವಿ ಆಗಬಹುದು. ಬೆಳೆ ಕಾಯುವವನಿಗೆ ಮಾತ್ರ ಅಜ್ಜನ ಕಾಲದ್ದು. ಶಾಸನ ಬರೆದವರಿಗೆ ಮಂಗನ ಸ್ವಭಾವ ಗೊತ್ತಿರಲಿಲ್ಲ ಎನ್ನುವಂತಿಲ್ಲ. ರೈತನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಆತ ಸಿಟ್ಟು ಇಳಿಸಿಕೊಳ್ಳುವಷ್ಟು ಹೊತ್ತು ಸಿಗಲಿ ಎಂದು ಹಾಗೆ ಮಾಡಿರಬೇಕು.

ಇಷ್ಟರ ಮೇಲೂ ಅಜ್ಜಯ್ಯ ಚರೆ ಹಾಕುವುದನ್ನು ಬಿಟ್ಟು ಬಹಳ ವರ್ಷವಾಯಿತು. ಮದ್ದು, ಕಾಗದ, ಜಡಿತ, ಢಂ. ಇದು ಈ ಪ್ರಬಂಧದ ಅತಿಮುಖ್ಯ ದತ್ತಾಂಶ.

ಸಂಶಯ

ಕೆರಾಡಿ ತಾಲ್ಲೂಕಿಗೆ ಕುಂದಾಪುರ, ವಿಧಾನಸಭೆಗೆ ಬೈಂದೂರು, ಲೋಕಸಭೆಗೆ ಘಟ್ಟದ ಮೇಲಿನ ಶಿವಮೊಗ್ಗ. ಮೂರೂ ಕಡೆಯ ಬಿಸಿ ಈ ಊರಿನ ಕೋವಿಗಳಿಗೆ ತಟ್ಟುತ್ತದೆ. 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ಉಡುಪಿ ಕ್ಷೇತ್ರದವರು ಏಪ್ರಿಲ್ 26ಕ್ಕೆ ಮತ ಹಾಕಿ ಕೈ ತೊಳೆದುಕೊಂಡರೆ ಶಿವಮೊಗ್ಗದ ಪಾಲಿನ ನಮಗೆ ಮೇ 7. ಎಣಿಕೆ ಜೂನ್ 4ಕ್ಕೆ. ಲೈಸೆನ್ಸ್ ಇರುವ ಕೋವಿ ಠಾಣೆಯಲ್ಲಿ ಠೇವಣಿ. ಲೈಸೆನ್ಸ್ ಇಲ್ಲದ ಕೋವಿಗೆ ಚುನಾವಣೆ ಇಲ್ಲ, ಅದು ಅಟ್ಟದ ಮೇಲೆ ನಿಶ್ಚಿಂತೆಯಿಂದ ಮಲಗಿರುತ್ತದೆ ಎಂದು ಲೋಕ ಆಡಿಕೊಳ್ಳುತ್ತದೆ. ಪ್ರಬಂಧಕಾರ ಅಟ್ಟ ಹತ್ತಿ ನೋಡಿಲ್ಲ.

ಮಾರ್ಚ್ ನಡುವಿನಿಂದ ಜೂನ್ ಮೊದಲ ವಾರ ಎಂದರೆ 80 ದಿನ. ಹಲಸು, ಮಾವು, ಗೇರು ಮೂರೂ ಒಟ್ಟಿಗೆ ಬರುವ ಕಾಲ. ಮಂಗಗಳಿಗೆ ನೀತಿಸಂಹಿತೆಯ ತಿಳಿವಳಿಕೆ ಹೇಗೆ ಬರುತ್ತದೆಂಬುದು ಸ್ವತಂತ್ರ ಸಂಶೋಧನೆಗೆ ತಕ್ಕ ವಿಷಯ. ಆ ವರ್ಷ ಕೋವಿ ಠಾಣೆಗೆ ಹೋದ ಮೂರನೆಯ ದಿನ ಒಂದು ದೊಡ್ಡ ಗಡವ ಅಜ್ಜಯ್ಯನ ಅಂಗಳಕ್ಕೇ ಬಂದು, ತುಳಸಿಕಟ್ಟೆಯ ಮೇಲೆ ಕೂತು, ಹಲಸಿನ ಸೊಳೆ ತಿಂದು, ಬೇಳೆಯನ್ನು ಅಜ್ಜಯ್ಯನ ಕಡೆಗೇ ಎಸೆಯಿತು. ಈಡು ಈಡಿಟ್ಟಾಗಿದೆ, ಅಜ್ಜಯ್ಯ ನಗೆಗೆ ಈಡಾಗಿದ್ದಾರೆ, ಮಂಗನೂ ಮನುಷ್ಯನೂ ಈಡುಜೋಡು. ಹಿಂದೆ ಹೇಳಿದ ನಾಲ್ಕು ಅರ್ಥ ಕೂಡಿದ್ದು ಈ ಕ್ಷಣದಲ್ಲಿ.

ಆಗ ಯಾರೋ ಹೇಳಿದರು. ಠೇವಣಿಯ ಆದೇಶದಲ್ಲಿ ವಿನಾಯಿತಿಯ ಒಂದು ಸಾಲು ಇದೆಯಂತೆ, ರಾಷ್ಟ್ರೀಯ ರೈಫಲ್ ಸಂಘದ ಸದಸ್ಯರಾಗಿ ಸ್ಪರ್ಧೆಗೆ ಹೋಗುವ ಕ್ರೀಡಾಪಟುಗಳು ಕೋವಿ ಒಪ್ಪಿಸಬೇಕಾಗಿಲ್ಲವಂತೆ. ಸಾಲು ಇರುವುದು ಸತ್ಯ. ಅಜ್ಜಯ್ಯ ಮರುದಿನವೇ ನನಗೆ ಫೋನು ಮಾಡಿದರು. ಊರಿಗೆಲ್ಲ ಅವರು ಅಜ್ಜಯ್ಯ. ನನಗೆ ತಲೆ ನರೆತರೂ ಅವರಿಗೆ ನಾನು ಮಾಣಿ.

‘ಮಾಣಿ, ನೀ ಓದ್ದನಲ್ದಾ. ರಾಷ್ಟ್ರೀಯ ಸಂಘ ಯಾವ್ದೆಲ್ಲ ಇತ್ತ್, ಯಾವ್ದಕ್ ಸೇರ್ರೆ ಒಳ್ಳೇದ್, ಕಂಡ್ ಹೇಳ್.’

ಸಂಶಯ ಇದೇ: ಯಾವುದಕ್ಕೆ? ಇದರ ಹೊಟ್ಟೆಯೊಳಗೆ ಇನ್ನೊಂದು ಸಂಶಯ ಇತ್ತು, ಆಗ ಕಾಣಲಿಲ್ಲ.

ಪೂರ್ವಪಕ್ಷ

ಸಂಘಗಳ ಇತಿಹಾಸವನ್ನು ಹಿಡಿದು ಹೊರಟೆ. ಹಳೆಯದು ಬ್ರಿಟನ್ನಿನದು, 1859ರಲ್ಲಿ ಹುಟ್ಟಿದ್ದು. ಮರುವರ್ಷ ವಿಂಬಲ್ಡನ್ನಿನ ಬಯಲಿನಲ್ಲಿ ಅದರ ಮೊದಲ ಕೂಟ. ಮೊದಲ ಈಡು ಹಾರಿಸಿದ್ದು ವಿಕ್ಟೋರಿಯಾ ರಾಣಿ. ರೈಫಲನ್ನು ಮೊದಲೇ ಒಂದು ಕಟ್ಟೆಗೆ ಬಿಗಿದು, ಗುರಿಗೆ ಹೊಂದಿಸಿ ಇಟ್ಟಿದ್ದರು. ಟ್ರಿಗರಿಗೆ ರೇಷ್ಮೆಯ ದಾರ ಕಟ್ಟಿತ್ತು, ರಾಣಿ ಅದನ್ನು ಎಳೆದಳು, ಗುಂಡು ನಡುಮಧ್ಯದ ಹತ್ತಿರವೇ ಬಿತ್ತು. ಇದನ್ನು ಅಜ್ಜಯ್ಯನಿಗೆ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ದಾರ ಎಷ್ಟ್ ಉದ್ದ ಇತ್ತಂಬ್ರ್? ಮನಿ ಜಗ್ಲಿ ತನ್ಕ ಬತ್ತಾ?’ ಎಂದು ಕೇಳಿದರು. ದಾರದ ಅಳತೆ ನನಗೆ ಎಲ್ಲೂ ಸಿಗಲಿಲ್ಲ.

ಅಮೆರಿಕದ ಸಂಘ 1871ರದ್ದು. ಅಂತರ್ಯುದ್ಧದಲ್ಲಿ ಉತ್ತರದ ಸೈನಿಕರ ಗುರಿ ಬಹಳ ಕಳಪೆಯಾಗಿತ್ತೆಂದು ಬೇಸತ್ತ ಇಬ್ಬರು ಅಧಿಕಾರಿಗಳು ಕಟ್ಟಿದ್ದು. ಗುರಿ ತಪ್ಪುವವರಿಗಾಗಿಯೇ ಹುಟ್ಟಿದ ಸಂಘ ಎಂದ ಕೂಡಲೇ ಅಜ್ಜಯ್ಯನ ಕಿವಿ ನೆಟ್ಟಗಾಯಿತು. ತಪ್ಪುವುದನ್ನು ಬಿಡಿಸಲಿಕ್ಕೆ ಎಂದು ಮುಂದುವರಿಸಿದೆ. ಕಿವಿ ಮತ್ತೆ ಮಲಗಿತು.

ಇವೆಲ್ಲದರ ಮೇಲೆ ಅಂತರರಾಷ್ಟ್ರೀಯ ಒಕ್ಕೂಟ, 1907ರದ್ದು. ಈಗ ಅದರ ಮನೆ ಜರ್ಮನಿಯ ಮ್ಯೂನಿಕ್. ಇದರ ಇತಿಹಾಸದಲ್ಲಿ ಕೆರಾಡಿಗೆ ನೇರ ಸಂಬಂಧಪಟ್ಟ ಒಂದು ಪ್ರಕರಣ ಇರುವುದು ಇಲ್ಲಿಯವರೆಗೆ ಯಾವ ವಿದ್ವಾಂಸರ ಕಣ್ಣಿಗೂ ಬಿದ್ದಿಲ್ಲ. ಅದು ‘ಓಡುವ ಹಂದಿ’. ತಮಾಷೆಯಲ್ಲ, ಸ್ಪರ್ಧೆಯ ಹೆಸರೇ ಹಾಗಿತ್ತು. 1972ರಿಂದ 1988ರ ವರೆಗೆ ಒಲಿಂಪಿಕ್ಸಿನಲ್ಲಿ 50 ಮೀಟರ್ ದೂರದಲ್ಲಿ ಕಾಡುಹಂದಿಯ ಚಿತ್ರವೊಂದು 10 ಮೀಟರಿನ ಸಂದಿಯಲ್ಲಿ ಅಡ್ಡ ಓಡುತ್ತಿತ್ತು. ನಿಧಾನದ ಓಟಕ್ಕೆ 5 ಸೆಕೆಂಡು, ಜೋರಿನದಕ್ಕೆ ಎರಡೂವರೆ. ಅಷ್ಟರಲ್ಲಿ ಹೊಡೆಯಬೇಕು. ಮುಂದೆ ಅದನ್ನು 10 ಮೀಟರಿಗೆ ಇಳಿಸಿದರು, 2004ರ ಅಥೆನ್ಸ್ ಆದ ಮೇಲೆ ಒಲಿಂಪಿಕ್ಸಿನಿಂದಲೇ ಓಡಿಸಿಬಿಟ್ಟರು. ಹಂದಿ ಓಡಿದ ಮೇಲೆ ಹಿಂದೆ ಬರಲಿಲ್ಲ ಎಂಬುದು ಇಡೀ ವೃತ್ತಾಂತದಲ್ಲಿ ಅಜ್ಜಯ್ಯನಿಗೆ ನಂಬಲಾಗದ ಭಾಗ. ಅವರ ಗೆಣಸಿನ ಹಕ್ಲಿಗೆ ಬರುವ ಹಂದಿ ಐದು ಸೆಕೆಂಡಿನಲ್ಲಿ ಓಡುವುದಿಲ್ಲ. ಅದು ಮೊದಲು ನಿಂತು ನೋಡುತ್ತದೆ.

ಅದಕ್ಕೂ ಹಿಂದೆ ‘ಓಡುವ ಜಿಂಕೆ’ ಇತ್ತು. ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬವರು 1908ರಲ್ಲಿ 60ನೇ ವಯಸ್ಸಿಗೆ ಅದರಲ್ಲಿ ಚಿನ್ನ ಗೆದ್ದರು, 1920ರಲ್ಲಿ 72ನೇ ವಯಸ್ಸಿಗೆ ಬೆಳ್ಳಿ. ಅಜ್ಜಯ್ಯನಿಗೆ ಈಗ 74. ‘ಎರ್ಡ್ ವರ್ಷ ತಡ ಆಯ್ತ್’ ಎಂದರು, ಬಸ್ಸು ತಪ್ಪಿದವರ ಧಾಟಿಯಲ್ಲಿ. 1900ರ ಪ್ಯಾರಿಸ್ ಕೂಟದಲ್ಲಿ ಮಾತ್ರ ಚಿತ್ರ ಗಿತ್ರ ಇಲ್ಲ, ಜೀವಂತ ಪಾರಿವಾಳಗಳನ್ನೇ ಹಾರಿಬಿಟ್ಟು ಹೊಡೆದರು. ಗೆದ್ದ ಬೆಲ್ಜಿಯಮ್ಮಿನವರು ಉರುಳಿಸಿದ್ದು 21. ಒಲಿಂಪಿಕ್ಸಿನಲ್ಲಿ ಮತ್ತೆ ಯಾರೂ ಆ ಆಟ ಆಡಲಿಲ್ಲ. ಮಣ್ಣಿನ ಬಿಲ್ಲೆ ಬಂತು, 110 ಮಿಲಿಮೀಟರ್ ಅಗಲದ್ದು. ಅದು ರಕ್ತ ಕಾರುವುದಿಲ್ಲ, ಪುಡಿಯಾಗುತ್ತದೆ.

ಈಗ ನಮ್ಮದು. ಭಾರತದ ರಾಷ್ಟ್ರೀಯ ರೈಫಲ್ ಸಂಘ 1951ರಲ್ಲಿ ಸ್ಥಾಪನೆಯಾಯಿತು. ಮೊದಲ ಅಧ್ಯಕ್ಷರು ಲೋಕಸಭೆಯ ಮೊದಲ ಸ್ಪೀಕರ್ ಆದ ಜಿ.ವಿ. ಮಾವಳಂಕರ್. ಅವರ ಕೆಲಸ ಗದ್ದಲ ಅಡಗಿಸುವುದು, ಅಜ್ಜಯ್ಯನ ಕೆಲಸ ಗದ್ದಲ ಎಬ್ಬಿಸುವುದು. ಈ ವಿರೋಧಾಭಾಸವನ್ನು ಸಂಘ ಇಂದಿಗೂ ಬಗೆಹರಿಸಿಲ್ಲ. ಇದರ ನೆರಳಿನಲ್ಲಿ ಬಿಕಾನೇರಿನ ಮಹಾರಾಜ ಕರಣಿ ಸಿಂಗ್ ಇದ್ದರು. ದೆಹಲಿಯ ತುಘಲಕಾಬಾದಿನಲ್ಲಿ 1982ರ ಏಷ್ಯಾಡಿಗೆ ಎದ್ದ ಅಂಕಣಕ್ಕೆ ಅವರದೇ ಹೆಸರು. 2004ರಲ್ಲಿ ರಾಜ್ಯವರ್ಧನ ಸಿಂಗ್ ರಾಠೋಡರ ಬೆಳ್ಳಿ, 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ, 2024ರ ಪ್ಯಾರಿಸ್ಸಿನಲ್ಲಿ ಮೂರು ಕಂಚು. ನಮ್ಮ ರಾಜ್ಯದ ಪಾಲಿಗೆ ಬೆಂಗಳೂರಿನ ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ತಂದಿದ್ದಾರೆ. ಪದಕಗಳ ಪಟ್ಟಿಯನ್ನು ಅಜ್ಜಯ್ಯ ಗೌರವದಿಂದ ಕೇಳಿದರು. ಕೊನೆಗೆ, ‘ಇವ್ರೆಲ್ಲ ಎಂತ ಬೆಳ್ಸ್ತ್ರ್?’ ಎಂದರು.

‘ಯಾವುದು’ ಎಂಬ ಪ್ರಶ್ನೆ ಇಲ್ಲಿಯೇ ಒಡೆದುಹೋಗುತ್ತದೆ. ಈ ದೇಶದಲ್ಲಿ ಸರ್ಕಾರ ಒಂದು ಕ್ರೀಡೆಗೆ ಒಂದೇ ರಾಷ್ಟ್ರೀಯ ಒಕ್ಕೂಟವನ್ನು ಮಾನ್ಯ ಮಾಡುತ್ತದೆ. ಆರಿಸಲಿಕ್ಕೆ ಎರಡಾದರೂ ಬೇಕು. ಸಂಜೆಯ ಕೊನೆಯ ಬಸ್ಸಿನ ಎದುರು ನಿಂತು ಯಾವ ಬಸ್ಸಿಗೆ ಹೋಗಲಿ ಎಂದು ಯೋಚಿಸಿದರೆ ಕಂಡಕ್ಟರ್ ಸೀಟಿ ಊದುತ್ತಾನೆ. ಹಾಗಿದ್ದೂ ಸಂಘದೊಳಗೆ ರೈಫಲ್, ಪಿಸ್ತೂಲ್, ಶಾಟ್‌ಗನ್ ಎಂದು ಮೂರು ದಾರಿ ಇವೆ; ಅಜ್ಜಯ್ಯನ ಕೋವಿ ಮೂರರಲ್ಲಿ ಯಾವುದೂ ಅಲ್ಲ.

ಹಾಗೆಂದು ಬಾಯಿಂದ ತುಂಬುವ ಕೋವಿ ಜಗತ್ತಿನಲ್ಲಿ ಅನಾಥವಲ್ಲ. ಅಂಥವಕ್ಕೇ ಒಂದು ಅಂತರರಾಷ್ಟ್ರೀಯ ಸಮಿತಿ ಇದೆ, ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತದೆ. ಅರ್ಧ ಗಂಟೆಯಲ್ಲಿ 13 ಈಡು ಹಾರಿಸಬೇಕು, ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯ ಹತ್ತು ಮಾತ್ರ. ಇದನ್ನು ಕೇಳಿ ಅಜ್ಜಯ್ಯ ಕೈಬೆರಳು ಮಡಚಿ ಲೆಕ್ಕ ಹಾಕಿದರು. ಅರ್ಧ ಗಂಟೆಗೆ ಹದಿಮೂರು ಸಾಧ್ಯವಿಲ್ಲವೆಂದಲ್ಲ, ಅಷ್ಟು ಮದ್ದು ಒಂದು ಮಳೆಗಾಲಕ್ಕೆ ಸಾಕು. ಬಿಟ್ಟುಬಿಡುವ ಮೂರು ಈಡು ಅವರನ್ನು ಹೆಚ್ಚು ಕಾಡಿತು. ಯಾರು ಬಿಟ್ಟರೂ ಮಂಗ ಬಿಡುವುದಿಲ್ಲ.

ಉಪಾಖ್ಯಾನ: ಕೊಡಗಿನ ಕವಲು

ಪೂರ್ವಪಕ್ಷಕ್ಕೂ ಉತ್ತರಪಕ್ಷಕ್ಕೂ ನಡುವೆ ಒಂದು ರಾತ್ರಿ ಅಜ್ಜಯ್ಯ ಮತ್ತೆ ಫೋನು ಮಾಡಿ, ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ಅದು ಯಾವ ಸಂಘ ಎಂದು ವಿಚಾರಿಸಿದರು. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿಯವರಿಗೂ ಆಯುಧ ಕಾಯ್ದೆಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಈಗಿನ ಅಧಿಸೂಚನೆ 2029ರ ವರೆಗಿನದು. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದಿಗೆ ಕೋವಿಗೆ ‘ತೋಕ್ ಪೂ’ ಎಂಬ ಬೆಂಕಿಬಣ್ಣದ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಆಮೇಲೆ ಮರದ ಮೇಲಿಟ್ಟ ತೆಂಗಿನಕಾಯಿಗೆ ಗುರಿ ಹಿಡಿಯುತ್ತಾರೆ. ಆ ಸಂಘಕ್ಕೆ ಅರ್ಜಿ ಹಾಕಿ ಸೇರುವಂತಿಲ್ಲ ಅಜ್ಜಯ್ಯ, ಹುಟ್ಟಿ ಸೇರಬೇಕು ಎಂದೆ. ‘ಅದ್ ಆಪುದಲ್ಲ ಹೋಪುದಲ್ಲ’ ಎಂದು ಒಪ್ಪಿದರು. ಸ್ವಲ್ಪ ತಡೆದು, ‘ತೆಂಗಿನಕಾಯಿಗ್ ಎಂತಕ್ ಹೊಡುದ್? ಅದ್ನ ಉಳ್ಸೂಕೇ ಅಲ್ದಾ ಕೋವಿ?’ ಎಂದರು.

ನೂರೈವತ್ತು ವರ್ಷದ ಸಂಘಗಳ ಚರಿತ್ರೆ ಓದಿಯೂ ನನಗೆ ಹೊಳೆಯದ ಸಿದ್ಧಾಂತ ಈ ಒಂದು ಮಾತಿನಲ್ಲಿತ್ತು.

ಉತ್ತರಪಕ್ಷ

ವಿಂಬಲ್ಡನ್ನಿನಿಂದ ತುಘಲಕಾಬಾದಿನವರೆಗೆ ಎಲ್ಲ ಸಂಘಗಳ ಅಡಿಗಲ್ಲು ಒಂದೇ: ಹೊಡೆದರೆ ತಾಗಬೇಕು. ಕೆರಾಡಿಯ ಕೋವಿಯ ಅಡಿಗಲ್ಲು ಇದಕ್ಕೆ ತದ್ವಿರುದ್ಧ: ಹೊಡೆದರೆ ತಾಗಕೂಡದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹತ್ತಿರದಲ್ಲಿಯೇ 1974ರಿಂದ ಮೂಕಾಂಬಿಕಾ ವನ್ಯಧಾಮ ಇದೆ. ನವಿಲು 1963ರಿಂದ ರಾಷ್ಟ್ರಪಕ್ಷಿ. ಅದು ಭತ್ತದ ಸಸಿಮಡಿಯಲ್ಲಿ ಇಳಿದಾಗ ಎದ್ದು ನಿಲ್ಲಬೇಕೋ ಕೂಗಬೇಕೋ ತಿಳಿಯದೆ ರೈತ ಒದ್ದಾಡುತ್ತಾನೆ. ಮಂಗನಿಗೆ ತಾಗಿದರೆ ಕಾಯ್ದೆಯ ಜೊತೆಗೆ ಆಂಜನೇಯನಿಗೂ ಉತ್ತರ ಕೊಡಬೇಕು. ಹಂದಿಗೆ ತಾಗಿದರೆ ಸಾಕ್ಷಿಗಳು ಊಟಕ್ಕೆ ಬಂದುಬಿಡುತ್ತಾರೆ. ಆದ್ದರಿಂದ ಲೈಸೆನ್ಸಿನ ಮರ್ಯಾದೆಯಲ್ಲಿ ಬಾಳುವ ಕೋವಿಧಾರಿ ಆಕಾಶಕ್ಕೆ ಹೊಡೆಯುತ್ತಾನೆ. ಆಕಾಶಕ್ಕೆ ಹೊಡೆಯುವುದು ಸುಲಭವೆಂದು ತಿಳಿದವರು ಅಡಿಕೆ ತೋಟ ನೋಡಿಲ್ಲ. ಸೋಗೆ ಹರಿಯಬಾರದು, ಕೊನೆ ಉದುರಬಾರದು, ಕರೆಂಟಿನ ತಂತಿ ತಪ್ಪಬೇಕು, ಪಕ್ಕದ ಮನೆಯವರ ಹೊಸ ಶೀಟಿನ ಮಾಡು ತಪ್ಪಬೇಕು. ಇಷ್ಟೂ ತಪ್ಪಿಸಿ ಹಾರಿದ ಈಡಿಗೆ ಕೊಡಲು ಮ್ಯೂನಿಕ್ಕಿನಲ್ಲಿ ಅಂಕ ಇಲ್ಲ.

ತಾಳಮದ್ದಲೆಯ ಅರ್ಥಧಾರಿಗಳು ಈ ಭೇದವನ್ನು ಎಂದೋ ಕಾಣಬೇಕಾಗಿತ್ತು. ದ್ರೋಣರು ಮರದ ಮೇಲಿನ ಹಕ್ಕಿಯನ್ನು ತೋರಿಸಿ ಏನು ಕಾಣುತ್ತದೆ ಎಂದರೆ ಅರ್ಜುನ ಹಕ್ಕಿಯ ಕಣ್ಣು ಮಾತ್ರ ಎಂದ, ಪಾಸಾದ. ಅದೇ ಪ್ರಶ್ನೆಯನ್ನು ಕೆರಾಡಿಯಲ್ಲಿ ಕೇಳಿದರೆ ಹಕ್ಕಿ, ಮರ, ಮರದ ಕೆಳಗಿನ ಬಾವಿ, ಬಾವಿಗೆ ಬಂದ ಹೆಂಗಸರು, ಆಚೆ ದರ್ಖಾಸ್ತಿನ ಬೇಲಿ, ಬೇಲಿಯಾಚೆಯ ಗಾರ್ಡು ಎಲ್ಲ ಕಾಣಬೇಕು; ಕಣ್ಣೊಂದೇ ಕಂಡವನು ಕುಂದಾಪುರದ ಕೋರ್ಟಿಗೆ ಅಲೆಯಬೇಕಾಗುತ್ತದೆ. ಇನ್ನು ದಶರಥ. ಆತ ಕತ್ತಲಲ್ಲಿ ಶಬ್ದ ಕೇಳಿ ಹೊಡೆದ, ಏನಾಯಿತೆಂದು ಎಲ್ಲರಿಗೂ ಗೊತ್ತು. ಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಹೊಡೆದ ಸುದ್ದಿ ಘಟ್ಟದ ಬುಡದಲ್ಲಿ ಇಂದಿಗೂ ಕಿವಿಗೆ ಬೀಳುತ್ತದೆ, ಅಲ್ಲಿ ನಗುವುದಕ್ಕೆ ಏನೂ ಇಲ್ಲ. ದಶರಥ ಶಬ್ದ ಕೇಳಿ ಹೊಡೆದ. ಅಜ್ಜಯ್ಯ ಶಬ್ದ ಕೇಳಿಸಲಿಕ್ಕೆ ಹೊಡೆಯುತ್ತಾರೆ. ಮೊದಲನೆಯದು ಶಬ್ದವೇಧಿ. ಎರಡನೆಯದಕ್ಕೆ ‘ಶಬ್ದಮಾತ್ರವಿದ್ಯೆ’ ಎಂದು ಈ ಪ್ರಬಂಧ ನಾಮಕರಣ ಮಾಡುತ್ತದೆ.

ಸದಸ್ಯತ್ವದ ಪ್ರಶ್ನೆಗೂ ಅಲ್ಲಿಯೇ ಪೂರ್ವನಿದರ್ಶನ ಇದೆ. ಏಕಲವ್ಯ ಯಾವ ಸಂಘಕ್ಕೂ ಸೇರದೆ, ಮಣ್ಣಿನ ಮೂರ್ತಿಯನ್ನೇ ಮಾನ್ಯತೆ ಎಂದು ತಿಳಿದು ಅಭ್ಯಾಸ ಮಾಡಿದ. ಶುಲ್ಕ ಎಂದು ಹೆಬ್ಬೆರಳು ಕೊಡಬೇಕಾಯಿತು. ಈಗಲೂ ಯಾವ ಕಚೇರಿಗೆ ಹೋದರೂ ಕೇಳುವುದು ಹೆಬ್ಬೆರಳನ್ನೇ. ಯಂತ್ರದ ಮೇಲೆ ಒತ್ತಿಸಿಕೊಂಡು ವಾಪಸು ಕೊಡುತ್ತಾರೆ ಎಂಬಷ್ಟು ಸುಧಾರಣೆಯಾಗಿದೆ. ಅಡಿಕೆ ಸುಲಿದು ಸುಲಿದು ಅಜ್ಜಯ್ಯನ ಹೆಬ್ಬೆರಳಿನ ಗೆರೆ ಸವೆದಿದೆ, ಯಂತ್ರ ಅವರನ್ನು ಒಪ್ಪುವುದಿಲ್ಲ. ಆ ಮಟ್ಟಿಗೆ ಅವರೂ ಏಕಲವ್ಯರೇ.

ವಾದಕ್ಕೆ ಪ್ರಯೋಗದ ಬೆಂಬಲ ಇರಲಿ ಎಂದು ಒಂದು ದಿನ 10 ಮೀಟರ್ ಏರ್ ರೈಫಲಿನ ಗುರಿಹಾಳೆಯನ್ನು ಮುದ್ರಿಸಿಕೊಂಡು ಹೋಗಿದ್ದೆ. ಇಡೀ ವೃತ್ತ 45.5 ಮಿಲಿಮೀಟರ್ ಅಗಲ, ಹತ್ತು ಅಂಕದ ನಡುಚುಕ್ಕೆ ಅರ್ಧ ಮಿಲಿಮೀಟರ್. ಹಲಸಿನ ಮರಕ್ಕೆ ಅಂಟಿಸಿ, ಹತ್ತು ಮೀಟರ್ ಅಳೆದು, ಅಜ್ಜಯ್ಯನನ್ನು ನಿಲ್ಲಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಹತ್ತಿರ ಹೋಗಿ ಚುಕ್ಕೆಯನ್ನು ಉಗುರಿನಿಂದ ಕೆರೆದು ನೋಡಿದರು, ಅದು ಹೋಗಲಿಲ್ಲ.

‘ಇದ್ ಎಂತ ಮಾಡ್ತ್?’

‘ಏನೂ ಮಾಡುವುದಿಲ್ಲ ಅಜ್ಜಯ್ಯ, ಸುಮ್ಮನೆ ಇರುತ್ತದೆ.’

‘ಬಾಳೆಗೊನೆ ತಿಂತಾ?’

‘ಇಲ್ಲ.’

‘ಮತ್ತೆ ಎಂತಕ್ ಹೊಡುದ್ ಅದಕ್ಕೆ, ಪಾಪ.’

ಪ್ರಯೋಗ ಇಲ್ಲಿಗೆ ಮುಗಿಯಿತು. ಹಾಳೆಯನ್ನು ಅವರು ಜೋಪಾನವಾಗಿ ಬಿಡಿಸಿಕೊಂಡು ಒಳಗೆ ಒಯ್ದರು. ಯಾಕೆಂದು ಆಗ ಕೇಳಬೇಕಾಗಿತ್ತು.

ಚುನಾವಣೆಯ ವಿನಾಯಿತಿಯ ಸಾಲಿಗೆ ಬಂದರೆ, ಅದು ಸ್ಪರ್ಧೆಗೆ ಹೋಗಬೇಕಾದವರ ಸ್ಪರ್ಧೆಯ ಕೋವಿಗೆ ಸಲ್ಲುವುದು. ಬೆಳೆ ರಕ್ಷಣೆಯ ಕೋವಿಗೆ ಸಲ್ಲಬೇಕಾದರೆ ಬೆಳೆ ರಕ್ಷಣೆಯೇ ಸ್ಪರ್ಧೆಯಾಗಬೇಕು. ಎದುರಾಳಿಗಳು ಸಿದ್ಧರಾಗಿಯೇ ಇದ್ದಾರೆ, ದಿನಾ ಏಳೂಕಾಲಿಗೆ ಬರುತ್ತಾರೆ. ಅಂಕಪದ್ಧತಿಯನ್ನು ಹೀಗೆ ಸೂಚಿಸಬಹುದು: ಹೋದ ಮಂಗಕ್ಕೆ ಒಂದು, ಹೋಗಿ ಅರ್ಧ ಗಂಟೆ ಬಾರದ ಮಂಗಕ್ಕೆ ಎರಡು, ಪಕ್ಕದವರ ತೋಟಕ್ಕೆ ಹೋದ ಮಂಗಕ್ಕೆ ಸೊನ್ನೆ, ಯಾಕೆಂದರೆ ಅವರೂ ಕೋವಿಯವರೇ, ಹತ್ತು ನಿಮಿಷದಲ್ಲಿ ಢಂ ಎಂದು ಹಿಂದಕ್ಕೆ ಕಳಿಸುತ್ತಾರೆ. ಈ ಪಂದ್ಯ ನಮ್ಮ ಬೈಲಿನಲ್ಲಿ ಎರಡು ತಲೆಮಾರಿನಿಂದ ನಡೆದಿದೆ. ಫಲಿತಾಂಶ ಬಂದಿಲ್ಲ.

ನಡುವೆ ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಲೈಟರಿನಿಂದ ಸಿಡಿಸುವ ಒಂದು ಸಾಧನ ಮಾರುಕಟ್ಟೆಗೆ ಬಂತು. ಲೈಸೆನ್ಸು, ಠೇವಣಿ, ಸಂಘ ಯಾವುದರ ಹಂಗೂ ಇಲ್ಲ, ಸದ್ದು ಮಾತ್ರ ಕೋವಿಯದೇ. ಶಾಸ್ತ್ರದ ದೃಷ್ಟಿಯಲ್ಲಿ ಇಷ್ಟು ಹೊತ್ತಿನ ಚರ್ಚೆಯೆಲ್ಲ ಅಲ್ಲಿಗೆ ನಿಷ್ಪ್ರಯೋಜಕ. ಅಜ್ಜಯ್ಯನಿಗೆ ಒಂದು ತಂದುಕೊಟ್ಟೆ. ಒಮ್ಮೆ ಸಿಡಿಸಿ, ಗೋಡೆಗೆ ಒರಗಿಸಿ ಇಟ್ಟು, ‘ಒದ್ಯುದಿಲ್ಲ ಇದ್’ ಎಂದರು. ಕೋವಿ ಹಿಂದಕ್ಕೆ ಒದೆಯಬೇಕು, ಹೆಗಲಿಗೆ ತಾಗಬೇಕು, ಆಗಲೇ ಹೊಡೆದ ಹಾಗೆ. ಮುಂದೆ ಗುರಿ ಹಿಂದೆ ಗುರು ಎಂಬ ಗಾದೆಯಲ್ಲಿ ಅವರ ಪಾಲಿಗೆ ಉಳಿದದ್ದು ಹಿಂದಿನದೊಂದೇ. ಪೈಪು ಈಗ ಬಚ್ಚಲ ಮನೆಯಲ್ಲಿ ಒಲೆ ಊದುವ ಕೆಲಸ ಮಾಡುತ್ತಿದೆ.

ನಿರ್ಣಯ

ಇಲ್ಲಿ ಹನ್ನೆರಡು ಪುಟದ ನಿರ್ಣಯ ಇತ್ತು. ಗುರಿ ತಪ್ಪಿಸುವವರ ರಾಷ್ಟ್ರೀಯ ಸಂಘ ಎಂಬುದು ಹೇಗಿರಬೇಕು, ಅದರ ಗುರಿಕಾರ ಯಾರಾಗಬೇಕು, ತಪ್ಪಿ ತಾಗಿದವರನ್ನು ಎಷ್ಟು ವರ್ಷ ಅಮಾನತಿನಲ್ಲಿ ಇಡಬೇಕು, ಚುನಾವಣೆಯಲ್ಲಿ ಕೋವಿಯ ಜೊತೆಗೆ ಮಂಗಗಳನ್ನೂ ಠಾಣೆಯಲ್ಲಿ ಠೇವಣಿ ಇಡಿಸಿಕೊಳ್ಳುವ ಬಗೆ ಹೇಗೆ ಎಂದು ವಿಸ್ತಾರವಾಗಿ ಬರೆದು, ಒಳ್ಳೆಯ ದಪ್ಪ ಹಾಳೆಯಲ್ಲಿ ಮುದ್ರಿಸಿ, ಓದಿ ಹೇಳಲೆಂದು ಕೆರಾಡಿಗೆ ಒಯ್ದಿದ್ದೆ. ರಾತ್ರಿ ಜಗಲಿಯ ಮೇಲೆ ಇಟ್ಟು ಮಲಗಿದೆ.

ಬೆಳಿಗ್ಗೆ ಏಳೂಕಾಲಿಗೆ ಎಚ್ಚರವಾದದ್ದು ಸದ್ದಿಗೆ. ಎಂದಿನ ಢಂ ಅಲ್ಲ, ಘಟ್ಟಕ್ಕೆ ಹೋಗಿ ತಾಗಿ ಮರಳಿ ಬಂದ ಢಂ. ದರೆಗೆ ಓಡಿದೆ. ಅಜ್ಜಯ್ಯ ಹೆಗಲು ತಿಕ್ಕಿಕೊಳ್ಳುತ್ತ ನಿಂತಿದ್ದರು. ಅಡಿಕೆ ಮರಗಳ ಮೇಲಿನಿಂದ ಸುಟ್ಟ ಅಂಚಿನ ಕಾಗದದ ಚೂರುಗಳು ನಿಧಾನಕ್ಕೆ ಇಳಿಯುತ್ತಿದ್ದವು. ಒಂದರಲ್ಲಿ ‘ಅತಏವ’ ಎಂದಿತ್ತು, ಇನ್ನೊಂದರಲ್ಲಿ ಪುಟಸಂಖ್ಯೆ. ಬಾಳೆಗೊನೆ ಖಾಲಿ. ಎಣಿಸಿದೆ. ಹನ್ನೊಂದಲ್ಲ, ಹದಿಮೂರೂ ಹೋಗಿದ್ದವು, ಪೂರ್ವಪಕ್ಷಿಗಳೂ ಸೇರಿ.

ಅಜ್ಜಯ್ಯ ಸರಳನ್ನು ನಳಿಗೆಯೊಳಗೆ ಇಳಿಸಿ ನೋಡಿ, ನನ್ನ ಕಡೆ ತಿರುಗಿದರು.

‘ಮಾಣಿ, ಬರ್ದದ್ ಇನ್ನೂ ಇತ್ತಾ?’